ಬಸವನಗುಡಿಯ ಹಳೆಯ ಮನೆಗೆ ಸುಣ್ಣದ ಗಾರೆ: ಇಟ್ಟಿಗೆ ಕೆಲಸಕ್ಕೆ ಪೂರ್ಣ ಅಂಕ, ಕಲ್ಲಿನ ಕೆಲಸಕ್ಕೆ ಅರ್ಧ

ಹಳೆಯ ಮನೆಗಳ ಹೊರಗೋಡೆಯನ್ನು ಸಾಂಪ್ರದಾಯಿಕ ವಿಧಾನದಲ್ಲಿ ದುರಸ್ತಿ ಮಾಡಿಕೊಡುವುದಾಗಿ ಹೇಳುವ ಗುತ್ತಿಗೆದಾರರು ಬೆಂಗಳೂರಿನಲ್ಲಿ ಈಗ ಕೆಲವರಿದ್ದಾರೆ. ಅಂಥ ಒಂದು ತಂಡದಿಂದ ಬಸವನಗುಡಿಯಲ್ಲಿರುವ ನಮ್ಮ ಕುಟುಂಬದ ಮನೆಯ ಮುಂಭಾಗವನ್ನೂ ಒಂದು ಪಕ್ಕದ ಗೋಡೆಯನ್ನೂ ದುರಸ್ತಿ ಮಾಡಿಸಿದೆವು. ಕೆಲಸ ಮುಗಿದು ಒಂದು ಪೂರ್ತಿ ಮಳೆಗಾಲ ಕಳೆದಿರುವುದರಿಂದ ಅದರ ಗುಣದೋಷಗಳ ಬಗ್ಗೆ ಈಗ ಧೈರ್ಯವಾಗಿ ಬರೆಯಬಹುದು. ಇಟ್ಟಿಗೆ ಮತ್ತು ಗಾರೆಯ ವಿಷಯದಲ್ಲಿ ಈ ತಂಡದ ತಿಳಿವಳಿಕೆ ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚಿನದು. ಕಲ್ಲಿನ ವಿಷಯದಲ್ಲಿ ಮಾತ್ರ ಅವರು ಅಷ್ಟೇ ಅವಸರದವರು. ದೂರು ಹೇಳಬೇಕಾದ ಭಾಗವೂ ಇರುವುದರಿಂದ ಹೆಸರನ್ನು ಬಿಟ್ಟು, ಕೆಲಸವನ್ನಷ್ಟೇ ವಿವರಿಸುತ್ತೇನೆ.

1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳ ಮೊದಮೊದಲ ಮನೆಗಳಲ್ಲಿ ಹೊರಗೋಡೆಯ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ ರೀತಿಯದು. ನೆಲಮಟ್ಟದಿಂದ ಜಗಲಿಯ ಎತ್ತರದವರೆಗೆ ಸೈಜುಗಲ್ಲು, ಅದರ ಮೇಲೆ ಸುಟ್ಟ ಇಟ್ಟಿಗೆಯ ಗೋಡೆ, ಜಗಲಿಗೆ ಕಲ್ಲಿನ ಕಂಬ, ಎಲ್ಲವನ್ನೂ ಹಿಡಿದಿಟ್ಟಿರುವುದು ಸುಣ್ಣದ ಗಾರೆ. ಭಾರತದಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿನ ವಾಣಿಜ್ಯ ತಯಾರಿಕೆ ಪೋರಬಂದರಿನಲ್ಲಿ ನೆಲೆಯೂರಿದ್ದೇ 1914ರ ಸುಮಾರಿಗೆ; ಆದ್ದರಿಂದ ಈ ಮನೆಗಳನ್ನು ಕಟ್ಟಿದ ಗಾರೆ ಕೆಲಸದವರಿಗೆ ಸುಣ್ಣವೇ ದಿನನಿತ್ಯದ ಸಾಮಗ್ರಿಯಾಗಿತ್ತು. ಕಲ್ಲಾದರೋ ಊರಿನದೇ. ಲಾಲ್‌ಬಾಗಿನ ಬಂಡೆಯಲ್ಲಿ ಕಾಣುವ, ಸುಮಾರು 300 ಕೋಟಿ ವರ್ಷ ಹಳೆಯದಾದ ಬೂದುಬಣ್ಣದ ನೈಸ್ ಶಿಲೆಯ ಬಂಧುಗಳೇ ಈ ಕಟ್ಟೆಗಳಲ್ಲಿಯೂ ಕಂಬಗಳಲ್ಲಿಯೂ ಇವೆ. ಕಲ್ಲನ್ನು ಒದ್ದೆ ಮಾಡಿ ಹತ್ತಿರದಿಂದ ನೋಡಿದರೆ ಕಪ್ಪು ಬಿಳುಪಿನ ಪಟ್ಟೆಗಳು ಅಲೆಯಲೆಯಾಗಿ ಹಾದುಹೋಗಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಇಂಥ ಗೋಡೆ ಕೆಡುವುದು ಸಾಮಾನ್ಯವಾಗಿ ಕಲ್ಲು ಮತ್ತು ಇಟ್ಟಿಗೆ ಸೇರುವ ಕಡೆಯಲ್ಲಿ. ಬೆಂಗಳೂರಿನ ಕಲ್ಲು ನೀರನ್ನು ಹೀರುವುದು ಸಾಮಾನ್ಯವಾಗಿ ತನ್ನ ತೂಕದ ಶೇ. 1ಕ್ಕಿಂತಲೂ ಕಡಿಮೆ, ಸಾಮಾನ್ಯ ದರ್ಜೆಯ ಇಟ್ಟಿಗೆಗೆ ಭಾರತೀಯ ಮಾನಕವೇ ಶೇ. 20ರವರೆಗೆ ಅವಕಾಶ ಕೊಟ್ಟಿದೆ. ನೆಲದ ತೇವ ಕಲ್ಲಿನೊಳಗೆ ಹೋಗಲಾರದೆ ಅದರ ಸಂದುಗಳಲ್ಲಿರುವ ಗಾರೆಯ ಮೂಲಕ ಮೇಲೇರಿ, ಕಟ್ಟೆಯ ಮೇಲಿನ ಮೊದಲ ಕೆಲವು ವರಸೆಯ ಇಟ್ಟಿಗೆಗಳಿಗೆ ಸೇರುತ್ತದೆ. ಸುಣ್ಣದ ಗಾರೆ ಇರುವವರೆಗೆ ಆ ತೇವ ಸಂದುಗಳ ಮೂಲಕವೇ ಆರಿಹೋಗುತ್ತಿತ್ತು. ಎಷ್ಟೋ ಮನೆಗಳಂತೆ ನಮ್ಮದರಲ್ಲಿಯೂ ಹಿಂದಿನ ತಲೆಮಾರಿನವರು ಗೋಡೆಯ ಕೆಳಗಿನ ಮೂರಡಿಗೆ ಸಿಮೆಂಟ್ ಬಳಿಸಿ, ಸಂದುಗಳಿಗೂ ಸಿಮೆಂಟನ್ನೇ ತುಂಬಿಸಿದ್ದರು. ಆಮೇಲೆ ತೇವಕ್ಕೆ ಉಳಿದ ದಾರಿ ಇಟ್ಟಿಗೆಯ ಮೈ ಒಂದೇ. ನೀರು ಆರುವಾಗ ಅದರಲ್ಲಿ ಕರಗಿದ್ದ ಉಪ್ಪು ಇಟ್ಟಿಗೆಯ ರಂಧ್ರಗಳೊಳಗೆ ಹರಳುಗಟ್ಟಿ, ಮುಂಭಾಗವನ್ನು ಪದರ ಪದರವಾಗಿ ಹೊರಗೆ ತಳ್ಳುತ್ತದೆ. ವರ್ಷ ವರ್ಷವೂ ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆಯನ್ನು ಎತ್ತರಿಸುತ್ತಾ ಬಂದಿರುವ ನಮ್ಮ ಊರಿನಲ್ಲಿ ಮಳೆಯ ನೀರು ಕಟ್ಟೆಯ ಬುಡಕ್ಕೇ ಬಂದು ನಿಲ್ಲುವುದರಿಂದ ಈ ತೊಂದರೆ ಇಮ್ಮಡಿಯಾಗುತ್ತದೆ.

ತಂಡದವರು ಮೊದಲ ಪರಿಶೀಲನೆಗೆ ಬಂದಾಗ ಬಣ್ಣದ ಮಾದರಿ ಪುಸ್ತಕವನ್ನು ತರದೆ ಸುತ್ತಿಗೆ ಮತ್ತು ಉಳಿಯನ್ನು ತಂದಿದ್ದು ನನಗೆ ಹಿಡಿಸಿತು. ಸಿಮೆಂಟಿನ ಪದರವನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಡೆಗಳಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದರು. ಅಂದಾಜು ಪಟ್ಟಿಯಲ್ಲಿ ಕೆಲಸವನ್ನು ಚದರಡಿಯ ಒಂದೇ ಲೆಕ್ಕಕ್ಕೆ ತಳ್ಳದೆ, ಸಿಮೆಂಟ್ ತೆಗೆಯುವುದು, ಇಟ್ಟಿಗೆ ಬದಲಿಸುವುದು, ಸಂದು ತುಂಬುವುದು, ಗಿಲಾವು, ಸುಣ್ಣದ ಬಳಿತ ಎಂದು ಬಿಡಿಬಿಡಿಯಾಗಿ ತೋರಿಸಿದ್ದರು. ಒಟ್ಟು ಮೊತ್ತ ಸಿಮೆಂಟ್ ಗುತ್ತಿಗೆದಾರರು ಹೇಳಿದ್ದರ ಎರಡೂವರೆ ಪಟ್ಟಿನ ಆಸುಪಾಸಿನಲ್ಲಿತ್ತು.

ಆ ಹಣದ ಹೆಚ್ಚಿನ ಪಾಲು ಹೋದದ್ದು ಸಂದುಗಳಿಗೆ, ಮತ್ತು ಅದು ನ್ಯಾಯವಾಗಿಯೇ ಹೋಯಿತು. ಇಟ್ಟಿಗೆಗಳ ನಡುವಿನ ಸಿಮೆಂಟನ್ನು ತೆಗೆಯಲು ಸುಲಭದ ದಾರಿ ಕಟಿಂಗ್ ಮಷಿನ್. ಆದರೆ ಅದರ ಬಿಲ್ಲೆ ಒಂದು ಕ್ಷಣ ಜಾರಿದರೂ ಇಟ್ಟಿಗೆಯ ಅಂಚನ್ನು ಸೀಳುತ್ತದೆ, ಮತ್ತು ಬೆಂಕಿಯಲ್ಲಿ ಬೆಂದು ಗಟ್ಟಿಯಾದ ಹೊರಮೈ ಒಮ್ಮೆ ಹೋದರೆ ಒಳಗಿನ ಮೆದು ಭಾಗ ಮಳೆಗೆ ತೆರೆದುಕೊಳ್ಳುತ್ತದೆ. ಈ ತಂಡದ ಮೇಸ್ತ್ರಿ, ವಯಸ್ಸಾದವರು, ತಮ್ಮ ಕಡೆಯ ಯಾರಿಗೂ ಲಂಬ ಸಂದುಗಳಲ್ಲಿ ಮಷಿನ್ ಮುಟ್ಟಲು ಬಿಡಲಿಲ್ಲ. ಸಂದಿಗಿಂತ ಕಿರಿದಾದ ಬಾಯಿಯ ಉಳಿಯನ್ನು ಓರೆಯಾಗಿ ಹಿಡಿದು, ಸಂದಿನ ನಡುವೆ ಮೊದಲು ಒಂದು ಗೀರು ಮಾಡಿ, ಆಮೇಲೆ ಎರಡೂ ಕಡೆಯ ಸಿಮೆಂಟನ್ನು ಆ ಗೀರಿನ ಕಡೆಗೇ ಬೀಳುವಂತೆ ಹೊಡೆಯುತ್ತಿದ್ದರು. ಹೀಗೆ ಮಾಡಿದಾಗ ಏಟಿನ ಒತ್ತಡ ಇಟ್ಟಿಗೆಯ ಕಡೆಗೆ ಹೋಗುವುದಿಲ್ಲ. ಸಂದಿನ ಅಗಲದ ಎರಡರಷ್ಟಾದರೂ ಆಳಕ್ಕೆ ಬಗೆದು, ಧೂಳನ್ನು ಬ್ರಷ್‌ನಿಂದ ತೆಗೆದು, ನೀರು ಚಿಮುಕಿಸಿದ ಮೇಲೆಯೇ ಹೊಸ ಗಾರೆ. ಕೆಲಸ ನಿಧಾನವಾಗುತ್ತಿದೆಯಲ್ಲ ಎಂದು ನಾನು ಕೇಳಿದಾಗ ಅವರು, “ಗಾರೆ ಹೋದರೆ ಮತ್ತೆ ತುಂಬಬಹುದು ಸ್ವಾಮಿ, ಈ ಇಟ್ಟಿಗೆ ಹೋದರೆ ಎಲ್ಲಿಂದ ತರೋಣ?” ಎಂದರು.

ಬದಲಿ ಇಟ್ಟಿಗೆಯ ಪ್ರಶ್ನೆ ನಿಜವಾಗಿಯೂ ಕಷ್ಟದ್ದು. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ, ಯಂತ್ರದಲ್ಲಿ ತಂತಿಯಿಂದ ಕತ್ತರಿಸಿ ಮಾಡಿದ ವೈರ್‌ಕಟ್ ಇಟ್ಟಿಗೆ ನೋಡಲು ಅಚ್ಚುಕಟ್ಟಾಗಿದ್ದರೂ ಹಳೆಯ ಗೋಡೆಯ ನಡುವೆ ಕೂರುವುದಿಲ್ಲ. ಅದರ ಅಳತೆಯೂ ಬೇರೆ, ಗಡಸುತನವೂ ಬೇರೆ, ನೀರು ಹೀರುವ ಗುಣವೂ ಬೇರೆ. ತಂಡದವರು ಎರಡು ಮೂಲಗಳಿಂದ ಇಟ್ಟಿಗೆ ತಂದರು: ಮಾಲೂರಿನ ಕಡೆಯ ಗೂಡೊಂದರಲ್ಲಿ ಕೈ ಅಚ್ಚಿನಿಂದ ಹೊಯ್ದದ್ದು ಒಂದು, ಕೆಡವಿದ ಹಳೆಯ ಮನೆಗಳಿಂದ ಬಂದದ್ದು ಇನ್ನೊಂದು. ಕೆಡವಿದ ಮನೆಯ ಇಟ್ಟಿಗೆಗೆ ಈಗ ಒಳ್ಳೆಯ ಗಿರಾಕಿ ಇದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯಿಂದ ಇಟ್ಟಿಗೆ ಇಡಿಯಾಗಿ ಬಿಟ್ಟುಕೊಳ್ಳುತ್ತದೆ, ಸಿಮೆಂಟ್ ಗೋಡೆಯಲ್ಲಿ ಇಟ್ಟಿಗೆಯೇ ಒಡೆದು ಸಿಮೆಂಟ್ ಉಳಿಯುತ್ತದೆ. ಹೀಗಾಗಿ ಮಾರಾಟಕ್ಕೆ ಬರುವ ಹಳೆಯ ಇಟ್ಟಿಗೆಯೆಲ್ಲ ಬಹುಪಾಲು ಸುಣ್ಣದ ಕಾಲದ್ದೇ. ಇಲ್ಲಿ ಕೊಳ್ಳುವವರು ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ಹಿಂದಿನವರು ಗೂಡಿನ ನಡುವೆ ಚೆನ್ನಾಗಿ ಬೆಂದ ಇಟ್ಟಿಗೆಯನ್ನು ಹೊರಮುಖಕ್ಕೂ ಅರೆಬೆಂದದ್ದನ್ನು ಗೋಡೆಯ ಒಳಗಿನ ವರಸೆಗೂ ಇಡುತ್ತಿದ್ದರು. ಮನೆ ಕೆಡವಿದಾಗ ಎರಡೂ ಒಂದೇ ರಾಶಿಯಲ್ಲಿ ಬೆರೆತುಹೋಗುತ್ತವೆ. ಅರೆಬೆಂದದ್ದನ್ನು ಹೊರಗೆ ಕೂರಿಸಿದರೆ ಎರಡು ಮಳೆಗಾಲದಲ್ಲಿ ಪುಡಿಯಾಗುತ್ತದೆ.

ಮೇಸ್ತ್ರಿಯವರು ಲಾರಿಯಿಂದ ಇಳಿದ ರಾಶಿಯ ಮುಂದೆ ಕುಳಿತು ಒಂದೊಂದನ್ನೂ ಕೈಯಲ್ಲಿ ಎತ್ತಿ, ಇನ್ನೊಂದು ಇಟ್ಟಿಗೆಗೆ ತಾಗಿಸಿ ಸದ್ದು ಕೇಳಿದರು; ಕಂಚಿನ ನಾದ ಬಂದದ್ದು ಒಂದು ಕಡೆ, ಮಂದವಾಗಿ ‘ಡಬ್’ ಎಂದದ್ದು ಇನ್ನೊಂದು ಕಡೆ. ಸಂಶಯ ಬಂದದ್ದನ್ನು ಉಗುರಿನಿಂದ ಗೀರಿ ನೋಡಿದರು, ಗೆರೆ ಮೂಡಿದರೆ ತಿರಸ್ಕಾರ. ಮಾದರಿಗೆ ಕೆಲವನ್ನು ಒಣಗಿದ್ದಾಗ ತೂಗಿ, ಇಡೀ ದಿನ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿ, ತೂಕದ ವ್ಯತ್ಯಾಸವನ್ನು ಗೋಡೆಯಿಂದ ತೆಗೆದ ಹಳೆಯ ಇಟ್ಟಿಗೆಯ ವ್ಯತ್ಯಾಸದೊಂದಿಗೆ ಹೋಲಿಸಿದರು. ತಿರಸ್ಕರಿಸಿದ ಇಟ್ಟಿಗೆಗೆ ನಮ್ಮಿಂದ ಹಣ ಪಡೆಯಲಿಲ್ಲ. ಅದನ್ನು ಕುಟ್ಟಿ ಸುರ್ಕಿ, ಅಂದರೆ ಗಾರೆಗೆ ಬೆರೆಸುವ ಇಟ್ಟಿಗೆಯ ಪುಡಿ, ಮಾಡಿಕೊಂಡರು. ಇಡೀ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಇದು.

ಗಾರೆಗೆ ಅವರು ಎರಡು ಆಯ್ಕೆ ಕೊಟ್ಟರು. ಒಂದು, ಮೂಟೆಯಲ್ಲಿ ಸಿದ್ಧವಾಗಿ ಬರುವ, ನೀರಿನಲ್ಲಿಯೂ ಗಟ್ಟಿಯಾಗುವ ಗುಣದ ವಿದೇಶಿ ಸುಣ್ಣ. ಇನ್ನೊಂದು, ಸ್ಥಳದಲ್ಲಿಯೇ ಅರಳಿಸಿದ ಸುಣ್ಣಕ್ಕೆ ಮರಳು ಮತ್ತು ಸುರ್ಕಿ ಬೆರೆಸಿದ ಗಾರೆ. ಮೂಟೆಯ ಸುಣ್ಣದ ಮೇಲೆ 2, 3.5, 5 ಎಂಬ ಅಂಕಿಗಳಿರುತ್ತವೆ, ಅವು 28 ದಿನಗಳಲ್ಲಿ ಬರಬೇಕಾದ ಕನಿಷ್ಠ ಬಲದ ಸೂಚನೆ. ದೊಡ್ಡ ಅಂಕಿ ಎಂದರೆ ಒಳ್ಳೆಯ ಮಾಲು ಎಂದುಕೊಂಡು 5ನ್ನು ಕೇಳುವವರಿದ್ದಾರಂತೆ. ಮೆದುವಾದ ಹಳೆಯ ಇಟ್ಟಿಗೆಗೆ ಅದು ಬೇಡ, ಏಕೆಂದರೆ ಗಾರೆ ಇಟ್ಟಿಗೆಗಿಂತ ದುರ್ಬಲವಾಗಿಯೇ ಇರಬೇಕು. ನಮ್ಮ ದೇಶದ ಮಾನಕದಲ್ಲಿಯೂ ಕಟ್ಟಡದ ಸುಣ್ಣಕ್ಕೆ ದರ್ಜೆಗಳಿವೆ, ಅದರಲ್ಲಿ ‘ಸಿ’ ದರ್ಜೆಯ ಶುದ್ಧ ಸುಣ್ಣವನ್ನು ಗಿಲಾವಿನ ಮೇಲ್ಪದರಕ್ಕೆ, ಸುಣ್ಣ ಬಳಿಯಲಿಕ್ಕೆ ಮತ್ತು ಸುರ್ಕಿಯಂಥದ್ದನ್ನು ಬೆರೆಸಿದರೆ ಗಾರೆಗೂ ಬಳಸಬಹುದು. ನಾವು ಎರಡನೆಯದನ್ನು ಆರಿಸಿಕೊಂಡೆವು.

ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟ ಸುಣ್ಣದ ಕಲ್ಲನ್ನು ಹಿತ್ತಲಿನ ಗುಂಡಿಯಲ್ಲಿ ನೀರಿಗೆ ಹಾಕಿದಾಗ ಅದು ಕುದಿಯುತ್ತದೆ. ಆ ಹೊತ್ತಿನಲ್ಲಿ ಮಕ್ಕಳನ್ನು ದೂರವಿಡಲು ಹೇಳಿ, ಕೆಲಸಗಾರರಿಗೆ ಕನ್ನಡಕ, ಕೈಗವಸು ಕೊಟ್ಟಿದ್ದನ್ನು ಮೆಚ್ಚಬೇಕು, ಕಣ್ಣಿಗೆ ಸುಣ್ಣ ಸಿಡಿದರೆ ಆಗುವ ಹಾನಿ ಚಿಕ್ಕದಲ್ಲ. ಅರಳಿದ ಸುಣ್ಣವನ್ನು ಜರಡಿ ಹಿಡಿದು, ಗಾಳಿ ತಾಗದಂತೆ ನೀರಿನಡಿಯಲ್ಲಿ ವಾರಗಟ್ಟಲೆ ಇಟ್ಟಾಗ ಅದು ಗಟ್ಟಿ ಮೊಸರಿನ ಹದಕ್ಕೆ ಬಂತು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಮತ್ತು ಸುರ್ಕಿ ಸೇರಿಸಿ, ಹಿಂದೆ ಎತ್ತಿನ ಗಾಣದಲ್ಲಿ ಅರೆಯುತ್ತಿದ್ದುದನ್ನು ಈಗ ಮೋಟಾರಿನ ಅರೆಯುವ ಯಂತ್ರದಲ್ಲಿ ಅರೆದರು. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನೂ ಹಾಕಿದರು. ಈ ಬೆಲ್ಲ, ಅಳಲೆಕಾಯಿ, ಮೊಟ್ಟೆಯ ಬಿಳಿಯ ಬಗ್ಗೆ ಈಗ ಎಲ್ಲೆಡೆ ಕೇಳಿಬರುವ ಉತ್ಸಾಹದ ಮಾತುಗಳಲ್ಲಿ ನನಗೆ ಅರ್ಧ ನಂಬಿಕೆ ಮಾತ್ರ. ಸುಣ್ಣ ಚೆನ್ನಾಗಿ ಅರಳದೆ, ಮರಳಿನಲ್ಲಿ ಮಣ್ಣು ಉಳಿದಿದ್ದರೆ ಎಷ್ಟು ಬೆಲ್ಲ ಸುರಿದರೂ ಗಾರೆ ನಿಲ್ಲುವುದಿಲ್ಲ. ಮರಳನ್ನು ಗಾಜಿನ ಬಾಟಲಿಯಲ್ಲಿ ನೀರಿನೊಂದಿಗೆ ಕುಲುಕಿ, ಮೇಲೆ ಕೂರುವ ಮಣ್ಣಿನ ಪದರವನ್ನು ತೋರಿಸಿ ಎರಡು ಬಾರಿ ತೊಳೆಸಿದ್ದು ನನಗೆ ಬೆಲ್ಲಕ್ಕಿಂತ ಹೆಚ್ಚು ಭರವಸೆ ಕೊಟ್ಟಿತು.

ಸುಣ್ಣದ ಗಾರೆ ಒಣಗಿ ಗಟ್ಟಿಯಾಗುವುದಿಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಾಗಿ ಗಟ್ಟಿಯಾಗುತ್ತದೆ, ಮತ್ತು ಅದಕ್ಕೆ ತೇವ ಬೇಕು. ಆದ್ದರಿಂದ ಬಿಸಿಲು ಬೀಳುವ ಕಡೆ ಗೋಣಿತಾಟು ಇಳಿಬಿಟ್ಟು ದಿನಕ್ಕೆ ಹಲವು ಬಾರಿ ನೀರು ಚಿಮುಕಿಸಬೇಕು. ಈ ಕ್ಯೂರಿಂಗ್ ಕೆಲಸವನ್ನು ತಂಡದವರು ಭಾನುವಾರಗಳಲ್ಲಿ ನಮ್ಮ ಮೇಲೆಯೇ ಬಿಟ್ಟರು. ಅಂದಾಜು ಪಟ್ಟಿಯಲ್ಲಿ ಅದನ್ನು ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಕೆಲವು ವಾರಗಳ ನಂತರ ಮೇಲ್ವಿಚಾರಕರು ಬಂದು ಮರೆಯಾದ ಮೂಲೆಯೊಂದರಲ್ಲಿ ಗಿಲಾವನ್ನು ಸ್ವಲ್ಪ ಒಡೆದು, ಅದರ ಮೇಲೆ ಫಿನಾಲ್ಫ್ತಲೀನ್ ದ್ರಾವಣದ ಹನಿ ಹಾಕಿ ತೋರಿಸಿದರು. ಗಟ್ಟಿಯಾದ ಹೊರಗಿನ ತೆಳು ಪದರ ಬಣ್ಣಗೆಡದೆ ಉಳಿದು, ಒಳಗೆ ಇನ್ನೂ ಸುಣ್ಣವಾಗಿಯೇ ಇದ್ದ ಭಾಗ ಗಾಢ ಗುಲಾಬಿಗೆ ತಿರುಗಿತು. ಒಳಗಿನವರೆಗೆ ಗಟ್ಟಿಯಾಗಲು ತಿಂಗಳುಗಳೇ ಬೇಕೆಂಬುದನ್ನು ಇಷ್ಟು ಸರಳವಾಗಿ ಮನಗಾಣಿಸುವ ಪರೀಕ್ಷೆಯನ್ನು ಕೆಲಸ ಮಾಡಿಸುವ ಪ್ರತಿಯೊಬ್ಬರೂ ಕೇಳಿ ಮಾಡಿಸಿಕೊಳ್ಳಬಹುದು.

ಇನ್ನು ಕಲ್ಲಿನ ವಿಷಯ. ಜಗಲಿಯ ಕಂಬಗಳ ಮೇಲೆ ಹಲವು ಕಾಲದ ಎಣ್ಣೆಬಣ್ಣದ ಪದರಗಳಿದ್ದವು, ಅದನ್ನು ತೆಗೆಯುವುದು ಒಪ್ಪಂದದ ಭಾಗವಾಗಿತ್ತು. ಇಟ್ಟಿಗೆಗೆ ಮಷಿನ್ ಮುಟ್ಟಿಸದ ಅದೇ ತಂಡ ಕಂಬಕ್ಕೆ ಬೇರೊಂದು ಗುಂಪನ್ನು ಕಳುಹಿಸಿತು. ಅವರು ಗ್ರೈಂಡರ್ ಹಿಡಿದು ಮೊದಲನೆಯ ಕಂಬವನ್ನು ಬಣ್ಣದ ಜೊತೆಗೆ ಕಲ್ಲಿನ ಮೈಯನ್ನೂ ಉಜ್ಜಿ ನುಣ್ಣಗೆ ಮಾಡಿದ ಮೇಲೆಯೇ ನಮ್ಮ ಗಮನಕ್ಕೆ ಬಂತು. ಉಳಿದ ಕಂಬಗಳ ಮೇಲೆ ಬೆಳಗಿನ ಓರೆ ಬಿಸಿಲು ಬಿದ್ದಾಗ ಚಾಣದ ಏಟುಗಳು ಸಾಲುಸಾಲಾಗಿ ಎದ್ದು ಕಾಣುತ್ತವೆ, ಕೆತ್ತಿದವನು ಎಡದಿಂದ ಬಲಕ್ಕೆ ಹೋದನೋ ಬಲದಿಂದ ಎಡಕ್ಕೆ ಬಂದನೋ ಎಂಬುದು ಕೂಡ ತಿಳಿಯುತ್ತದೆ. ಉಜ್ಜಿದ ಕಂಬ ಈಗ ಬ್ಯಾಂಕಿನ ಹೊಸ ಶಾಖೆಯ ಮುಂದೆ ನಿಲ್ಲಿಸಬಹುದಾದ ಕಂಬ. ಬಣ್ಣ ಕರಗಿಸುವ ಲೇಪ ಹಚ್ಚಿ, ಮರದ ಅಥವಾ ಪ್ಲಾಸ್ಟಿಕ್ಕಿನ ಕೆರೆಯುವ ಪಟ್ಟಿಯಿಂದ ತೆಗೆದಿದ್ದರೆ ಆಗುತ್ತಿತ್ತು. ಉಳಿದವನ್ನು ಹಾಗೆಯೇ ಮಾಡಿಸಿದೆವು, ಚೆನ್ನಾಗಿಯೇ ಬಂದವು.

ಕಟ್ಟೆಯ ಕಲ್ಲಿನ ಮೇಲೆ ಸಿಮೆಂಟಿನ ಕಲೆ ಉಳಿದಿದ್ದ ಕಡೆ ಆಸಿಡ್ ಹಾಕಿ ತೊಳೆಯುವುದಾಗಿ ಹೇಳಿದಾಗ ನಾವು ಒಪ್ಪಲಿಲ್ಲ, ಆದರೂ ಒಂದು ಮೂಲೆಯಲ್ಲಿ ಪ್ರಯೋಗ ನಡೆದಿತ್ತು. ಹೈಡ್ರೋಕ್ಲೋರಿಕ್ ಆಮ್ಲ ಸಿಮೆಂಟನ್ನು ಕರಗಿಸುವಂತೆಯೇ ಪಕ್ಕದ ಸುಣ್ಣದ ಗಾರೆಯನ್ನೂ ಕರಗಿಸುತ್ತದೆ, ಅಲ್ಲದೆ ನಮ್ಮ ಕಲ್ಲಿನ ಕಪ್ಪು ಪಟ್ಟೆಗಳಲ್ಲಿರುವ ಕಬ್ಬಿಣದ ಅಂಶವನ್ನು ಹೊರಗೆಳೆದು ತುಕ್ಕಿನ ಹಳದಿ ಕಲೆಯನ್ನು ಬಿಡುತ್ತದೆ. ಆ ಮೂಲೆಯಲ್ಲಿ ಆಗಿರುವುದು ಅದೇ. ದೂರು ಕೊಟ್ಟಾಗ ಕಲ್ಲಿನ ಕೆಲಸದ ಹಣವನ್ನು ಕಡಿತ ಮಾಡಿಕೊಟ್ಟರು, ಸಬೂಬು ಹೇಳಲಿಲ್ಲ, ಅದನ್ನು ಇಲ್ಲಿ ದಾಖಲಿಸಬೇಕು. ಆದರೆ ಉಜ್ಜಿಹೋದ ಚಾಣದ ಗುರುತು ಹಣದಿಂದ ಮರಳುವಂಥದ್ದಲ್ಲ.

ಕಲ್ಲಿನ ಕೆಲಸದಲ್ಲಿ ಒಂದನ್ನು ಮಾತ್ರ ಅವರು ಸರಿಯಾಗಿ ಕಂಡರು. ಕಿಟಕಿಯ ಕೆಳಗಲ್ಲಿನಲ್ಲಿ ಹೂತಿದ್ದ ಕಬ್ಬಿಣದ ಸರಳುಗಳ ಬುಡ ತುಕ್ಕು ಹಿಡಿದು, ಕಲ್ಲಿನ ಅಂಚು ಸೀಳಿತ್ತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಎಂಥ ಗಟ್ಟಿ ಕಲ್ಲನ್ನಾದರೂ ಒಡೆಯುತ್ತದೆ. ಹಿಂದೆ ಸೀಸ ಹೊಯ್ದು ಕೂರಿಸಿದ್ದ ಸರಳುಗಳು ಹಾಗೆಯೇ ಗಟ್ಟಿಯಾಗಿದ್ದವು, ಮಧ್ಯೆ ಯಾವಾಗಲೋ ಸಿಮೆಂಟಿನಲ್ಲಿ ಕೂರಿಸಿದವು ಮಾತ್ರ ಕೆಟ್ಟಿದ್ದವು. ಕೆಟ್ಟದ್ದನ್ನು ತೆಗೆದು, ಬುಡಕ್ಕೆ ತುಕ್ಕು ಹಿಡಿಯದ ಉಕ್ಕಿನ ತುಂಡು ಜೋಡಿಸಿ ಮತ್ತೆ ಸೀಸದಲ್ಲಿಯೇ ನಿಲ್ಲಿಸಿದರು.

ಕೊನೆಯಲ್ಲಿ ಸಂಸ್ಥೆಯ ಮಾರಾಟದ ಕಡೆಯವರು ಬಂದು ನೀರು ತಡೆಯುವ ಸಿಲಿಕೋನ್ ಲೇಪವನ್ನು ಹೊಡೆಸಲು ಒತ್ತಾಯಿಸಿದರು. ಮೇಸ್ತ್ರಿಯವರು ತಿಂಗಳುಗಟ್ಟಲೆ ಮಾಡಿದ ಕೆಲಸದ ಉದ್ದೇಶವೇ ತೇವ ಹೊರಗೆ ಆರಿಹೋಗಲಿ ಎಂಬುದು. ಕೆಳಗಿನಿಂದ ಏರುವ ತೇವಕ್ಕೆ ಲೇಪದಿಂದ ಉತ್ತರವಿಲ್ಲ, ಉಪ್ಪು ಲೇಪದ ಹಿಂದೆ ಸೇರಿ ಮತ್ತೆ ಮೈಯನ್ನು ಎಬ್ಬಿಸುವ ಅಪಾಯವಿದೆ. ಒಂದೇ ಸಂಸ್ಥೆಯೊಳಗೆ ಈ ಎರಡು ಮಾತುಗಳು ಹೇಗೆ ಒಟ್ಟಿಗಿವೆಯೋ ನನಗೆ ಅರ್ಥವಾಗಲಿಲ್ಲ. ನಾವು ಲೇಪ ಬಿಟ್ಟು, ಕಾವಿ ಬೆರೆಸಿದ ಸುಣ್ಣವನ್ನು ತೆಳುವಾಗಿ ಐದು ಸಲ ಬಳಿಸಿದೆವು. ಮಳೆ ಬಂದಾಗ ಗೋಡೆಯ ಬಣ್ಣ ಗಾಢವಾಗುತ್ತದೆ, ಬಿಸಿಲು ಬಂದ ಕೆಲವು ಗಂಟೆಗಳಲ್ಲಿ ಮತ್ತೆ ತಿಳಿಯಾಗುತ್ತದೆ. ಕಟ್ಟೆಯ ಮೇಲಿನ ವರಸೆಗಳಲ್ಲಿ ಮೊದಲ ತಿಂಗಳುಗಳಲ್ಲಿ ಬಿಳಿಯ ಉಪ್ಪು ಎದ್ದಿತ್ತು, ಒಣ ಬ್ರಷ್‌ನಿಂದ ಗುಡಿಸಿ ತೆಗೆದೆವು. ನೀರು ಹಾಕಿ ತೊಳೆದರೆ ಅದು ಮತ್ತೆ ಒಳಗೆ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಹೊಸದಾಗಿ ಎದ್ದಿರುವುದು ಬಹಳ ಕಡಿಮೆ, ಇಟ್ಟಿಗೆ ಒಂದೂ ಪದರ ಬಿಟ್ಟಿಲ್ಲ. ಸಂದಿನ ಗಾರೆ ಎರಡು ಕಡೆ ಕೂದಲಗಲ ಬಿರುಕು ಬಿಟ್ಟಿದ್ದನ್ನು ಬಂದು ಉಚಿತವಾಗಿ ಸರಿಪಡಿಸಿದರು.

ಮಂಗಳೂರಿನ ಕಡೆಯ ಮುರಕಲ್ಲಿನ ಮನೆಗಳನ್ನೂ ಒಪ್ಪಿಕೊಳ್ಳುವುದಾಗಿ ಈ ತಂಡ ಹೇಳುತ್ತದೆ. ನೆಲದಿಂದ ತೆಗೆಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವ, ಮೈತುಂಬ ರಂಧ್ರಗಳಿರುವ ಆ ಕಲ್ಲು, ಕರಾವಳಿಯ ಜಡಿಮಳೆ, ಚಿಪ್ಪು ಸುಟ್ಟ ಸುಣ್ಣ, ಇವೆಲ್ಲ ಬೇರೆಯೇ ವಿದ್ಯೆ. ಬೆಂಗಳೂರಿನ ಕಲ್ಲಿನ ಬಗ್ಗೆಯೇ ಅವಸರ ತೋರಿಸಿದವರಿಗೆ ಅದನ್ನು ವಹಿಸುವ ಮೊದಲು ಅಲ್ಲಿ ಅವರು ಮುಗಿಸಿರುವ ಮನೆಯೊಂದನ್ನು ಮಳೆಗಾಲದಲ್ಲಿ ಹೋಗಿ ನೋಡುವುದು ಒಳ್ಳೆಯದು.

ಇಟ್ಟಿಗೆ ಗೋಡೆಯ ಮನೆಯಿರುವವರು ಇಂಥ ತಂಡವನ್ನು ಕರೆಸುವಾಗ ಒಪ್ಪಂದದಲ್ಲಿ ಯಾವ ಮೇಸ್ತ್ರಿ ಕೆಲಸಕ್ಕೆ ನಿಲ್ಲುತ್ತಾರೆ ಎಂಬುದನ್ನು ಬರೆಸಿಕೊಳ್ಳಿ, ಏಕೆಂದರೆ ನೀವು ಹಣ ಕೊಡುವುದು ಆ ಕೈಗೆ. ಮಳೆ ಹಿಂದೆ ಸರಿದ ಮೇಲೆ, ನವೆಂಬರಿನಿಂದ ಫೆಬ್ರವರಿಯೊಳಗೆ, ಕೆಲಸ ಇಟ್ಟುಕೊಳ್ಳಿ. ಕಲ್ಲಿಗೆ ಗ್ರೈಂಡರ್ ಮತ್ತು ಆಸಿಡ್ ಮುಟ್ಟಿಸಬಾರದೆಂಬ ಷರತ್ತನ್ನು ಲಿಖಿತವಾಗಿ ಸೇರಿಸಿ, ಕಂಬ ಮತ್ತು ಕಟ್ಟೆಯ ಕೆಲಸವನ್ನು ಸಾಧ್ಯವಾದರೆ ಕಲ್ಲುಕುಟಿಗರಿಗೇ ಬೇರೆಯಾಗಿ ವಹಿಸಿ. ಹಿಂಭಾಗದ ಗೋಡೆಯನ್ನು ನಾವು ಮುಂದಿನ ಚಳಿಗಾಲದಲ್ಲಿ ಇದೇ ತಂಡಕ್ಕೆ, ಇದೇ ಮೇಸ್ತ್ರಿಗೆ ಕೊಡುತ್ತಿದ್ದೇವೆ. ಅಲ್ಲಿ ಕಲ್ಲಿನ ಕಂಬಗಳಿಲ್ಲ.